ತಂತಿ ಇಳಿಸಿದವನು

ಜೂನ್ ೧೪, ಭಾನುವಾರ

ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈದುಕೊಳ್ಳಬೇಡ. ಅಂಗಡಿಯಲ್ಲಿ ವಾದ್ಯಗಳ ರಿಪೇರಿ ಕೆಲಸ ಹೆಚ್ಚಿತ್ತು ಎಂದು ಬರೆಯೋಣವೆಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಸಿಟ್ಟಿನಲ್ಲಿದ್ದೆ. ನಿನ್ನಪ್ಪ ಕ್ಷೇಮ. ಕೆಮ್ಮು ಹೋಗಿದೆ, ಹಟ ಹೋಗಿಲ್ಲ.

ನಿಮ್ಮ ತಂಡದ ಡ್ರಮ್ಮಿನ ಹುಡುಗಿ ನಿನ್ನ ಬೇಸ್ ಗಿಟಾರ್ ತಂದುಕೊಟ್ಟಳು. "ವೈರ್ ಸಿಕ್ಕಿಸೋ ಜಾಗ ಸಡಿಲ ಆಗಿದೆ ಆಂಟಿ, ಬೆಸುಗೆ ಹಾಕಿಕೊಡಬೇಕಂತೆ. ಬೇರೇನೂ ಮುಟ್ಟೋದು ಬೇಡ ಅಂದಿದಾಳೆ" ಎಂದಳು. ಬೇರೇನೂ ಮುಟ್ಟೋದು ಬೇಡವಂತೆ. ಆ ಗಿಟಾರಿನ ಕತ್ತು ಬಾಗಿದಾಗಲೆಲ್ಲ ನೆಟ್ಟಗೆ ಮಾಡಿದವಳು ನಾನು.

ಚೀಲ ಬಿಚ್ಚಿದ ತಕ್ಷಣ ಗೊತ್ತಾಯಿತು. ನಾನು ಹಾಕಿದ್ದ ದಪ್ಪ ತಂತಿಗಳಿಲ್ಲ, ತೆಳ್ಳನೆಯವು ಬಂದಿವೆ. ಅವೂ ಕತ್ತಿನ ಮೇಲಿನ ಫ್ರೆಟ್ಟು ಪಟ್ಟಿಗಳಿಗೆ ಅಂಟಿಕೊಂಡಷ್ಟು ಕೆಳಗೆ. ಯಾರ ಕೆಲಸ ಎಂದು ಕೇಳಿದೆ. "ನಮ್ಮಲ್ಲಿ ಗಿಟಾರ್ ರಿಪೇರಿ ಮಾಡೋ ಕನ್ನಡಕದವರೊಬ್ಬರು ಇದಾರೆ. ಅವರು ಕೈಯಿಟ್ಟರೆ ಬೆಣ್ಣೆ ಆಂಟಿ, ಬೆಣ್ಣೆ" ಎಂದಳು, ನನ್ನ ಮುಖಕ್ಕೇ.

ಅವಳು ಹೋದ ಮೇಲೆ ತಪ್ಪು ಹುಡುಕಲು ಕೂತೆ. ಅಷ್ಟು ಕೆಳಗಿಳಿಸಿದರೆ ತಂತಿ ಫ್ರೆಟ್ಟಿಗೆ ಬಡಿದು ಜರ್ರೆನ್ನಬೇಕು. ಒಂದೊಂದನ್ನೂ ಒತ್ತಿ ಮೀಟಿದೆ, ಎಲ್ಲೂ ಜರ್ರೆನ್ನಲಿಲ್ಲ. ಕತ್ತಿನ ಬಾಗು ಬೇಕಾದಷ್ಟೇ ಇತ್ತು. ಸ್ವರ ಮೇಲಕ್ಕೆ ಹೋದರೂ ಶುದ್ಧವಾಗಿತ್ತು. ನಿನ್ನಪ್ಪ ಬಾಗಿಲಲ್ಲಿ ನಿಂತು, "ಚೆನ್ನಾಗಿದೆ ಅಂತ ಒಪ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದರು. ನಾನು ಒಪ್ಪಿಕೊಳ್ಳಲಿಲ್ಲ. ಅವನ ತಂತಿ ಬಿಚ್ಚಿ ನಮ್ಮ ದಪ್ಪ ತಂತಿ ಹಾಕಿದೆ, ಅದಕ್ಕೆ ತಕ್ಕಂತೆ ಕತ್ತಿನೊಳಗಿನ ಸರಳು ಬಿಗಿದೆ, ತಂತಿ ಹೊತ್ತ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ನಮ್ಮ ಹಳೆಯ ಎತ್ತರಕ್ಕೇ ಏರಿಸಿದೆ. ಅವತ್ತು ಊಟ ರುಚಿಸಿತು.

ನಿನ್ನೆ ಡ್ರಮ್ಮಿನವಳು ತೆಗೆದುಕೊಂಡು ಹೋಗಲು ಬಂದಳು. ಒಂದು ಸಲ ತಂತಿ ಒತ್ತಿ ನೋಡಿ ಮುಖ ಸಪ್ಪೆ ಮಾಡಿಕೊಂಡಳು. "ಮೊದಲಿನ ಹಾಗೇ ಮಾಡಿಕೊಡಿ ಆಂಟಿ. ಹೀಗೆ ಕೊಟ್ರೆ ಅವಳ ಕೈಲಿ ನುಡಿಸೋಕಾಗಲ್ಲ" ಎಂದಳು. ಯಾಕೆಂದೂ ಹೇಳಿದಳು. ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಪುಣ್ಯಕ್ಕೆ ಅವನ ತಂತಿಗಳನ್ನು ಎಸೆದಿರಲಿಲ್ಲ. ಅವನಿಟ್ಟ ಎತ್ತರವನ್ನೂ ಕೆಡಿಸುವ ಮುನ್ನ ಅಳೆದಿಟ್ಟುಕೊಂಡಿದ್ದೆ. ಹೊಟ್ಟೆಕಿಚ್ಚಿನಲ್ಲೂ ಕಸುಬು ಕೈಬಿಡುವುದಿಲ್ಲ ನೋಡು.

ಈಗ ಎಲ್ಲ ಅವನು ಮಾಡಿದ್ದ ಹಾಗೇ ಇದೆ. ಬೆಸುಗೆಯೊಂದು ಮಾತ್ರ ನನ್ನದು, ಗಟ್ಟಿಯಾಗಿದೆ. ಡ್ರಮ್ಮಿನವಳು ಸಂಜೆ ಹೊರಡುತ್ತಾಳೆ, ಗಿಟಾರಿನ ಜೊತೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನೂ ನಿನ್ನ ತಂಡದವರೂ ತಣ್ಣಗಿರಿ.

ಇಂತು,
ನಿನ್ನ ಅಮ್ಮ

ತಾ.ಕ.: ನಿನ್ನ ಎಡಗೈ ಮಣಿಕಟ್ಟು ಚಳಿಗಾಲದಿಂದ ನೋಯುತ್ತಿದೆಯಂತೆ. ತಂತಿ ಒತ್ತಲಾಗದೆ ಆ ಕನ್ನಡಕದವನ ಮುಂದೆ ಅತ್ತುಬಿಟ್ಟೆಯಂತೆ, ಅದಕ್ಕೇ ಅವನು ಇಳಿಸಿಕೊಟ್ಟನಂತೆ. "ನಿಮಗೆ ಹೇಳಿಲ್ವಾ ಆಂಟಿ?" ಎಂದಳು ಡ್ರಮ್ಮಿನವಳು. ಹೇಳಿದಾಳೆ, ಹೇಳಿದಾಳೆ ಎಂದೆ. ಪ್ರತಿ ವಾರ ಫೋನಿನಲ್ಲಿ ಹೇಗಿದ್ದೀಯ ಎಂದು ಕೇಳುತ್ತೇನೆ, ಚೆನ್ನಾಗಿದ್ದೀನಮ್ಮ ಎನ್ನುತ್ತೀಯ. ಅವನು ಏನೆಂದು ಕೇಳಿದ್ದಕ್ಕೆ ನೀನು ಹೇಳಿಕೊಂಡೆ, ಅದನ್ನು ಬರೆದು ತಿಳಿಸು. ನಾನೂ ಹಾಗೇ ಕೇಳುತ್ತೇನೆ.