ಬಾರ್‌ಕೋಡಿನ ಮೇಲೊಂದು ಚಾಪ್

ಗಡಿ ಸುಂಕ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಕಚೇರಿಯ ರಬ್ಬರ್ ಮೊಹರು ಮಾಡಿದ ತಪ್ಪಿಗೆ ನಮ್ಮ ಲಾರಿ ಚಾಲಕ ಕೀರ್ತಿರಾಜ್ ಅವರ ಗೇಟ್ ಪಾಸ್ ಅಮಾನತಾಗಿದೆ. ಅದನ್ನು ವಾಪಸ್ ಕೊಡಿ ಎಂದು ಮಲಯ ಭಾಷೆಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ಎರಡಕ್ಕೂ ಉತ್ತರವಿಲ್ಲ. ಈಗ ಇಲ್ಲಿನ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದದೇ ಇರುವುದಕ್ಕೆ ಈ ಸಲವಾದರೂ ನಿಮಗೊಂದು ಮರ್ಯಾದಸ್ಥ ಕಾರಣ ಸಿಗಲಿ.

ನಾನು ಪೆಟಾಲಿಂಗ್ ಜಯಾದಲ್ಲಿ ಹೂವಿನಂಗಡಿ ಇಟ್ಟವಳು. ಥಾಯ್ಲೆಂಡಿನ ತೋಟಗಳಿಂದ ನನಗೆ ಮಲ್ಲಿಗೆ ಮೊಗ್ಗು ತಂದುಕೊಡುವವರು ಕೀರ್ತಿರಾಜ್. ಅವರ ಅಜ್ಜ ಕಾರ್ಕಳದಿಂದ ಬಂದು ಇಲ್ಲೇ ನೆಲೆ ನಿಂತವರು. ಇವರಿಗೆ ಲಾರಿ ಬಿಟ್ಟರೆ ಬೇರೆ ಕಸುಬಿಲ್ಲ. ಮೊದಲೆಲ್ಲ ಗಡಿಯಲ್ಲಿ ಕಾಗದದ ಕಟ್ಟು ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆಯಬೇಕಿತ್ತು. ಆಮೇಲೆ ನೀವು ಬಾರ್‌ಕೋಡ್ ತಂದಿರಿ. ಸರಕಿನ ವಿವರವನ್ನು ಮೊದಲೇ ಕಂಪ್ಯೂಟರಿಗೆ ಸೇರಿಸಿ ಒಂದು ಹಾಳೆ ಮುದ್ರಿಸಿ ತಂದರೆ ಸಾಕು, ಗೇಟಿನ ಯಂತ್ರ ಅದರ ಕಪ್ಪು ಗೆರೆಗಳನ್ನು ಓದಿ ದಾರಿ ಬಿಡುತ್ತದೆ ಎಂದಿರಿ. ನಾನು ನಂಬಿದೆ.

ಆದರೆ ಯಂತ್ರವೇ ಓದಿ ಯಂತ್ರವೇ ಬಿಟ್ಟುಬಿಟ್ಟರೆ ಕಚೇರಿಯ ಗೌರವ ಏನಾಗಬೇಕು? ಗೇಟಿಗೆ ಮೊದಲು ಒಂದು ಕೌಂಟರ್ ಉಳಿಸಿಕೊಂಡಿರಿ. ಅಲ್ಲಿ ಪ್ರತಿ ಹಾಳೆಗೂ ಮೊಹರು, ಇಲ್ಲಿನವರ ಬಾಯಲ್ಲಿ ‘ಚಾಪ್’, ಬೀಳಲೇಬೇಕು. ಚಾಪ್ ಇಲ್ಲದ ಕಾಗದವನ್ನು ಈ ದೇಶದಲ್ಲಿ ಯಾರೂ ಕಾಗದವೆಂದು ಒಪ್ಪುವುದಿಲ್ಲ. ಬಿಲ್ಲಿಗೆ ನಾನೂ ಹೊಡೆಯುತ್ತೇನೆ. ತೊಂದರೆ ಏನೆಂದರೆ, ನಿಮ್ಮ ಹೊಸ ಹಾಳೆಯಲ್ಲಿ ಚಾಪಿಗೆ ಜಾಗ ಬಿಡಲು ಯಾರಿಗೂ ನೆನಪಾಗಲಿಲ್ಲ. ಮೂಲೆಯಲ್ಲೊಂದು ಚೌಕ ಕಂಡಿತು, ನಿಮ್ಮ ಸಿಬ್ಬಂದಿ ಅದರೊಳಗೇ ಹೊಡೆಯತೊಡಗಿದರು. ಆ ಚೌಕದಲ್ಲಿ ಇದ್ದದ್ದು ಬಾರ್‌ಕೋಡ್.

ಆ ದಿನ ಲಾರಿಯಲ್ಲಿದ್ದದ್ದು ಸುಬಾಂಗ್ ಜಯಾದ ಧೃತಿಯ ಸೀಮಂತಕ್ಕೆ ಮೊಗ್ಗಿನ ಜಡೆ ಹೆಣೆಯಬೇಕಾಗಿದ್ದ ಮಲ್ಲಿಗೆ. ಸ್ವಾಮೀ, ಮೊಗ್ಗಿನ ಜಡೆಗೆ ಮೊಗ್ಗೇ ಬೇಕು, ಅರಳಿದ ಹೂವು ಆಗುವುದಿಲ್ಲ. ಕೀರ್ತಿರಾಜ್ ಬೆಳಿಗ್ಗೆಯೇ ಗಡಿ ತಲುಪಿದ್ದರು. ಕೌಂಟರಿನಲ್ಲಿ ನೀಲಿ ಚಾಪ್ ಬಿತ್ತು, ಗೇಟಿನ ಯಂತ್ರ ಓದಲಿಲ್ಲ. ಗೇಟಿನವರು ಕೌಂಟರಿಗೆ ಹೋಗಿ ಎಂದರು. ಕೌಂಟರಿನವರು ಚಾಪ್ ಸ್ಪಷ್ಟವಾಗಿಯೇ ಬಿದ್ದಿದೆಯಲ್ಲ ಎಂದರು. ಗೆರೆಗಳ ಕೆಳಗೆ ಸಂಖ್ಯೆ ಇದೆ, ಅದನ್ನಾದರೂ ಕೈಯಲ್ಲಿ ಒತ್ತಿ ಎಂದು ಕೇಳಿದರೆ, ಕೈಕೆಲಸ ತಪ್ಪಿಸಲೆಂದೇ ಯಂತ್ರ ತಂದಿರುವುದರಿಂದ ಹಾಗೆ ಒತ್ತಲು ಅನುಮತಿಯಿಲ್ಲವಂತೆ. ಕೀರ್ತಿರಾಜ್ ಹೊಸ ಹಾಳೆ ಮುದ್ರಿಸಿ ತಂದರು. ಅದಕ್ಕೂ ಚಾಪ್ ಬಿತ್ತು.

ಮನುಷ್ಯ ಇನ್ನೇನು ಮಾಡಬೇಕು? ಇನ್ನೊಂದು ಹಾಳೆ ತಂದು, ಚಾಪ್ ಬಿದ್ದ ಕೂಡಲೇ, ಶಾಯಿ ಆರುವ ಮೊದಲೇ ಕರವಸ್ತ್ರದಿಂದ ಒರೆಸಿದರು. ಅದು ಹರಡಿ ಗೆರೆಗಳೆಲ್ಲ ನೀಲಿಯಾದವು. ಆಗ ನಿಮ್ಮ ಕಚೇರಿಗೆ ಎಚ್ಚರವಾಯಿತು. ಸರ್ಕಾರಿ ಮೊಹರನ್ನು ವಿರೂಪಗೊಳಿಸಿದ ಆರೋಪ ಹೊರಿಸಿ ಪಾಸ್ ಕಿತ್ತುಕೊಂಡಿತು. ಇಡೀ ದಿನದಲ್ಲಿ ಚಕಚಕನೆ ಆದ ಕೆಲಸ ಅದೊಂದೇ.

ಮರುದಿನ ಅದೃಷ್ಟಕ್ಕೆ ಚಾಪ್ ಗೆರೆಗಳ ಆಚೆ ಬಿದ್ದು, ಬೇರೆ ಚಾಲಕರು ಲಾರಿ ತಂದಾಗ ಮೊಗ್ಗೆಲ್ಲ ಅರಳಿ ಬಾಡಿತ್ತು. ಧೃತಿ ಪ್ಲಾಸ್ಟಿಕ್ ಜಡೆ ಮುಡಿದು ಕೂತಳು. “ಇಟ್ಸ್ ಓಕೆ ಲಾ, ಆಂಟಿ” ಎಂದು ಇಲ್ಲಿನವರ ಧಾಟಿಯಲ್ಲಿ ಅವಳೇ ನನಗೆ ಸಮಾಧಾನ ಹೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಕೀರ್ತಿರಾಜ್ ಅಂಗಡಿಗೆ ಬಂದರು. ಬಂದವರೇ ಕೇಳಿದರು: “ಅಕ್ಕ, ಹೂ ಹೋದ್ರೆ ಹೋಗ್ಲಿ. ನಾನು ಮೋಸ ಮಾಡಿದವ ಅಂತ ಅವರ ಕಂಪ್ಯೂಟರಲ್ಲಿ ಉಂಟಲ್ಲ, ಅದನ್ನು ತೆಗೆಯುದು ಹೇಗೆ?” ಆ ಪ್ರಶ್ನೆಯನ್ನೇ ನಿಮಗೆ ಬರೆದು ಕಳಿಸಿದೆ. ಉತ್ತರ ನಿಮ್ಮಲ್ಲಿದೆಯೇ?

ನನ್ನ ಪತ್ರಗಳಿಗೆ ಬಾಯಿ ಬಿಡದ ನೀವು ಅವರಿಗೆ ಮಾತ್ರ ವಿಚಾರಣೆಯ ನೋಟಿಸ್ ಕಳಿಸಿದಿರಿ. ಖುದ್ದಾಗಿ ಹಾಜರಾಗಬೇಕು, ಗೈರಾದರೆ ಆರೋಪ ಒಪ್ಪಿದಂತೆ ಎಂದಿತ್ತು. ಎಷ್ಟು ನ್ಯಾಯವಾದ ಮಾತು! ನಿಮ್ಮ ಕಚೇರಿ ಇರುವುದು ಗೇಟಿನ ಒಳಗೆ. ಚಾಲಕರು ಗೇಟಿನ ಒಳಗೆ ಬರಲು ಪಾಸ್ ಬೇಕು. ಕಳೆದ ಸೋಮವಾರ ಕೀರ್ತಿರಾಜ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೋಟಿಸ್ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಕಾವಲಿನವರು ಬಿಡಲಿಲ್ಲ. ಒಳಗೆ ಅವರ ಹೆಸರು ಕೂಗಿಸಿ, ಗೈರು ಎಂದು ನೀವು ಬರೆದುಕೊಂಡಿರಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹಾಳೆಯಲ್ಲಿ ಚಾಪಿಗೆ ಬೇರೆ ಜಾಗ ತೋರಿಸಿ. ಕೀರ್ತಿರಾಜ್ ಅವರ ಮೇಲಿನ ಆರೋಪ ಅಳಿಸಿ, ಪಾಸ್ ಕೊಡಿ. ಅದಕ್ಕೆ ವಿಚಾರಣೆ ಆಗಲೇಬೇಕೆಂದರೆ ಆಗಲಿ. ಬರುವ ಸೋಮವಾರವೂ ಅವರು ಗೇಟಿನ ಹೊರಗೆ ನಿಂತಿರುತ್ತಾರೆ, ಪಕ್ಕದಲ್ಲಿ ನಾನೂ ಇರುತ್ತೇನೆ. ಅವರಿಗೆ ಒಳಗೆ ಬರಲು ನಿಮ್ಮ ಪಾಸ್ ಬೇಕು. ನಿಮಗೆ ಹೊರಗೆ ಬರಲು ಯಾರ ಪಾಸೂ ಬೇಡ. ಬನ್ನಿ.

ಇಂತಿ,
ಬಾರ್‌ಕೋಡ್ ಬಂತೆಂದು ಅಂಗಡಿಯಲ್ಲಿ ಲಾಡು ಹಂಚಿದ್ದ
ವಾರಿಜಾ
ಪೆಟಾಲಿಂಗ್ ಜಯಾ