ಹೊಸ್ತಿಲು ದಾಟದ ಶೇರು

ಸುರಪುರ
೪ ನವೆಂಬರ್ ೧೯೫೦, ಶನಿವಾರ

ಪ್ರೀತಿಯ ಚಮನಬೀ,

ಒಂದು ಮಾತನ್ನು ಬರೆಯದೆಯೇ ಈ ಪತ್ರ ಮುಗಿಸಬೇಕೆಂದಿದ್ದೆ. ಆದರೆ ನಿನ್ನ ನಾಯಿಯನ್ನು ಕರೆದೊಯ್ಯಲು ನೀನು ಈ ಮನೆಯ ಮುಂದೆ ಬಂದು ನಿಲ್ಲುವ ಮೊದಲು ಅದು ನಿನಗೆ ಗೊತ್ತಿರಬೇಕು. ಬರೆಯುತ್ತೇನೆ, ಕೊನೆಗೆ. ಅಷ್ಟು ಹೇಡಿತನ ಇನ್ನೂ ಉಳಿದಿದೆ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ತಡವನ್ನು ಮನ್ನಿಸು. ಕಳೆದ ವರ್ಷವೂ ಒಂದು ಬರೆದಿದ್ದೆ. ಅದು ನಿಜಾಮರ ಅಂಚೆಚೀಟಿ ಹಚ್ಚಿಕೊಂಡು ನನ್ನ ಟ್ರಂಕಿನಲ್ಲೇ ಕೂತಿದೆ. ಆ ಚೀಟಿ ಈಗ ನಡೆಯುವುದಿಲ್ಲವಂತೆ. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೈದರಾಬಾದಿನ ಶಾಲೆಯಲ್ಲಿ ನಾವಿಬ್ಬರೂ ಕಲಿತ ಇಂಗ್ಲಿಷಿನಲ್ಲಿ ಬರೆದರೆ ನನ್ನ ತಪ್ಪುಗಳೂ ನೀಟಾಗಿ ಕಾಣುತ್ತವೆ.

ಶೇರು ಇದ್ದಾನೆಯೇ, ಇದ್ದರೆ ಬಂದು ಕರೆದೊಯ್ಯುತ್ತೇನೆ ಎಂದು ಬರೆದಿದ್ದೀ. ಇದ್ದಾನೆ. ಒಂದು ಕಿವಿ ಹರಿದಿದೆ, ಮೂತಿ ಬೆಳ್ಳಗಾಗಿದೆ, ಆದರೆ ಗಟ್ಟಿಯಾಗಿದ್ದಾನೆ. ಎರಡು ವರ್ಷದ ಹಿಂದೆ, ನಿಜಾಮರ ಪರ ಹೊಡೆದಾಡಿದ ರಜಾಕಾರರ ಮೇಲಿನ ಸಿಟ್ಟನ್ನು ಜನ ನಿಮ್ಮ ಓಣಿಯ ಮೇಲೆ ತೀರಿಸಿಕೊಂಡ ಆ ವಾರ, ನೀವು ಊರು ಬಿಟ್ಟ ಮಾರನೆಯ ದಿನ, ಅವನು ನಮ್ಮ ಕಟ್ಟೆಯ ಕೆಳಗೆ ಮಲಗಿದ್ದ. ಯಾರು ಹತ್ತಿರ ಹೋದರೂ ಹಲ್ಲು ತೋರಿಸುತ್ತಿದ್ದ. ನಾನು ಸರಪಳಿ ಹಾಕಿಸಿದೆ. ಶಾಲೆಯಲ್ಲಿ ನಮ್ಮನ್ನು ಪಳಗಿಸಿದಂತೆ ವೇಳೆಗೆ ಸರಿಯಾಗಿ ಗಂಟೆ ಬಾರಿಸಿ, ‘ಶೇರು, ಕಮ್, ಸಿಟ್’ ಎಂದು ಗದರಿದೆ. ಮಾತು ಕೇಳಿದರೆ ರೊಟ್ಟಿ, ಇಲ್ಲದಿದ್ದರೆ ಇಲ್ಲ. ಮೂರು ದಿನ ಉಪವಾಸವಿದ್ದ, ಕೂರಲಿಲ್ಲ.

ಹಾಲು ಕೊಡಲು ಬರುವ ಕುರುಬರ ಭೀಮವ್ವ ನಿಂತು ನೋಡಿ ನಕ್ಕಳು. “ಏನವ್ವಾ, ನಾಯಿಗಿ ಸಾಲಿ ತೆರದೀರೇನು? ಗಂಟಿ ಬ್ಯಾರೆ!”

“ನೀನೇ ಹೇಳಿಕೊಡು ಹಾಗಾದರೆ,” ಎಂದೆ.

“ಮೊದಲು ಹೆಸರು ಹಿಡದು ಕರೀಬ್ಯಾಡ್ರಿ. ಆ ಹೆಸರು ಅದರ ಧಣೀದು. ಸರಪಳಿ ಬಿಚ್ಚರಿ. ನಿಮ್ಮ ರೊಟ್ಟಿ ಅದರ ಬಾಜೂಕ ಕುಂತು ತಿನ್ರಿ, ಅರ್ಧ ಮಗ್ಗಲದಾಗ ಇಡ್ರಿ. ಅದರ ಕಡಿ ನೋಡಬ್ಯಾಡ್ರಿ. ನಮ್ಮ ಹಟ್ಟಿಯಾಗ ಪರದೇಶಿ ನಾಯಿ ಬಂದ್ರ ಹಿಂಗ ಮಾಡ್ತೀವಿ.”

“ಎಷ್ಟು ದಿನ?”

“ಅದನ್ನ ನಾಯೀನ ಹೇಳ್ತಾದ. ನಿಮಗೇನು ಪರೀಕ್ಷಾ ಅದಾವೇನ್ರಿ?”

ಹಾಗೆ ಕೂತೆ. ದಿನಾ ಬೆಳಿಗ್ಗೆ, ಕಟ್ಟೆಯ ಕೆಳಗೆ, ಮಣ್ಣಿನಲ್ಲಿ. ನನ್ನ ಗಂಡ ಮಲ್ಲಣ್ಣ ಅಂಗಡಿಯಿಂದ ಬಂದು ಗೊಣಗುವರು: “ಗಿರಾಕಿ ಕೇಳಾಕತ್ತಾರ, ನಿಮ್ಮ ಹೆಂಡ್ತಿ ನಾಯಿ ಸಂಗಾಟ ಪಂಕ್ತಿಗಿ ಕುಂದ್ರತಾಳಂತಲ್ರಿ ಅಂತ.” ಹತ್ತೊಂಬತ್ತನೆಯ ದಿನ ನಾನಿಟ್ಟ ಅರ್ಧ ರೊಟ್ಟಿ ತಿಂದ. ದೀಪಾವಳಿ ಕಳೆದ ಮೇಲೆ ನನ್ನ ಸೆರಗಿನ ತುದಿಯ ಮೇಲೆ ಗದ್ದ ಇಟ್ಟ. ಅರ್ಧ ತಾಸು ಏಳದೆ ಕೂತೆ, ಕಾಲು ಜೋಮು ಹಿಡಿಯಿತು. ಆರು ತಿಂಗಳಿಗೆ ನನ್ನ ಹಿಂದೆ ಬಾವಿಯವರೆಗೆ ಬಂದ. ಈಗ ಬೋನಾಳದ ಕೆರೆಗೂ ಬರುತ್ತಾನೆ. ಹಕ್ಕಿಗಳನ್ನು ಓಡಿಸುವುದಿಲ್ಲ, ದಂಡೆಯಲ್ಲಿ ಕೂತು ನೋಡುತ್ತಾನೆ. ನಿನ್ನ ಯಜಮಾನರು, ಜಲಾಲುದ್ದೀನ ಭಾಯಿ, ಕಲಿಸಿದ್ದು ಅದು, ನಾನಲ್ಲ.

ಒಂದನ್ನು ಮಾತ್ರ ಕಲಿಸಲಾಗಲಿಲ್ಲ. ಅವನು ನಮ್ಮ ಹೊಸ್ತಿಲು ದಾಟುವುದಿಲ್ಲ. ಮಳೆ ಹೊಡೆದರೂ ಹೊರಗೇ ನೆನೆಯುತ್ತಾನೆ. ಒಳಗೆ ತುಪ್ಪ ಸವರಿದ ರೊಟ್ಟಿ ಇಟ್ಟು ಕಾದೆ, ಬರಲಿಲ್ಲ. “ಈ ಬಾಗಿಲಾಗ ಅದು ಏನೋ ಕಂಡಾದ್ರಿ,” ಎಂದಳು ಭೀಮವ್ವ. ನಾನು ಹಾಲಿನ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ನೀನು ಬರೆದಿದ್ದೀ: ‘ಅವತ್ತು ನೀನು ಊರಲ್ಲಿದ್ದಿದ್ದರೆ ನಮಗೆ ಹಾಗಾಗುತ್ತಿರಲಿಲ್ಲ, ಅದಕ್ಕೆ ಕೊರಗಬೇಡ.’ ಆ ಸಾಲನ್ನು ಎಷ್ಟು ಸಲ ಓದಿದೆನೋ.

ಶೇರು ನಿನ್ನವನು. ನೀನು ಬಂದ ದಿನ ಅವನು ಹಿಂದಿರುಗಿ ನನ್ನತ್ತ ನೋಡದಿದ್ದರೂ ಸರಿ. ನಿನ್ನ ಮಕ್ಕಳು ಚೆನ್ನಾಗಿ ಓದಲಿ, ಆ ಊರಲ್ಲಿ ನಿನ್ನ ಒಲೆ ತಣ್ಣಗಾಗದಿರಲಿ.

ನಿನ್ನ
ಹಂಪಮ್ಮ

ಮರೆತದ್ದಲ್ಲ, ಮುಂದೂಡಿದ್ದು: ಅವತ್ತು ನಾನು ಊರಲ್ಲೇ ಇದ್ದೆ. ಬಾಗಿಲ ಹಿಂದೆಯೇ ಇದ್ದೆ. “ಹಂಪೀ, ನಾವು ಹೊರಗ ಇರ್ತೀವಿ. ಅರ್ಧ ತಾಸು ಇವರನ್ನೊಬ್ಬರನ್ನ ಒಳಗ ತಗೋ, ತಲಿಗಿ ಪೆಟ್ಟಾಗ್ಯಾದ,” ಎಂದು ನೀನು ಕೂಗಿದ್ದು ಅಕ್ಷರ ಬಿಡದೆ ಕೇಳಿಸಿತು. ಶೇರು ಬಾಗಿಲನ್ನು ಉಗುರಿನಿಂದ ಕೆರೆಯುತ್ತಿದ್ದ. “ತೆರೀಬ್ಯಾಡ, ನಮ್ಮನಿಗೂ ಬೆಂಕಿ ಹಚ್ಚತಾರ,” ಎಂದರು ಮಲ್ಲಣ್ಣ. ಆದರೆ ಅಗುಳಿಯ ಮೇಲೆ ಇದ್ದದ್ದು ಅವರ ಕೈಯಲ್ಲ, ನನ್ನದು. ಗೋಗಿಯ ಹಾದಿಯಲ್ಲಿ ಜಲಾಲುದ್ದೀನ ಭಾಯಿ ತೀರಿಕೊಂಡದ್ದು ನಿನ್ನ ಪತ್ರದಿಂದ ತಿಳಿಯಿತು. ನಾಯಿಯ ಪಕ್ಕ ಆರು ತಿಂಗಳು ಕೂತೆ, ಚಮನಬೀ. ನೀನು ಕೇಳಿದ್ದು ಅರ್ಧ ತಾಸು.

ಇದನ್ನು ಓದಿಯೂ ಬರುವುದಾದರೆ ಬಾ. ಬರಲಾರೆ ಎನ್ನಿಸಿದರೆ ಒಂದು ಸಾಲು ಬರೆ, ಶೇರುವನ್ನು ನಿನ್ನ ಬಾಗಿಲವರೆಗೆ ತಂದು, ಹೊರಗಿನಿಂದಲೇ ಬಿಟ್ಟು ಬರುತ್ತೇನೆ. ನಾಳೆ ಅಂಚೆ ಇಲ್ಲ. ಟ್ರಂಕಿನಲ್ಲಿಡುವುದಿಲ್ಲ, ಹೊಸ ಚೀಟಿ ಆಗಲೇ ಹಚ್ಚಿದ್ದೇನೆ. ಅಂಚೆಗೆ ಹಾಕುವ ದಿನ: ಸೋಮವಾರ, ೬ ನವೆಂಬರ್ ೧೯೫೦.