ಸುಳ್ಳು ಹೇಳದ ಗಿರಾಕಿ

ಭಾನುವಾರ, ಬೆಳಿಗ್ಗೆ
ಅಂಗಡಿಯಿಂದ

ಮುದ್ದಿನ ಯಾಕಮ್ಮನಿಗೆ,

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನ್ನೆ ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಅಳತೊಡಗಿದೆ, ನಿನ್ನ ಅಳು ಮುಗಿಯುವ ಮೊದಲೇ ನಾನು ಬೈದೆ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು. ಅದಕ್ಕೇ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ.

"ಬುಧವಾರ ಮಂಡಳಿಯ ವಿಚಾರಣೆಗೆ ಬರಬೇಡ ಅಮ್ಮ, ನಮ್ಮ ಕಂಪನಿ ವಕೀಲರು ನಿನ್ನ ಮರ್ಯಾದೆ ತೆಗೀತಾರೆ" ಅಂದೆ. ಬರುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು. ನನ್ನ ಮರ್ಯಾದೆ ಕಚ್ಚಾ ಹೊಲಿಗೆಯದಲ್ಲ ಮಗಳೇ, ಯಾರೋ ಒಂದೆಳೆ ಎಳೆದ ಮಾತ್ರಕ್ಕೆ ಬಿಚ್ಚಿಕೊಳ್ಳಲು. ಚಿಕ್ಕವಳಿದ್ದಾಗ ಮಾತು ಮಾತಿಗೂ "ಯಾಕಮ್ಮ?" ಎಂದು ಕೇಳಿ ಈ ಅಡ್ಡಹೆಸರು ಸಂಪಾದಿಸಿದವಳು ನೀನು. ಈಗ ನಿನ್ನಮ್ಮ ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೊಂದು ಗಾಬರಿಯೇ?

ನಾನು ಇದರಲ್ಲಿ ಹೇಗೆ ಸಿಕ್ಕಿಕೊಂಡೆ ಎಂದು ನೀನು ಕೇಳಿದೆ. ಸಿಕ್ಕಿಕೊಳ್ಳಲಿಲ್ಲ, ನಾನೇ ಮೆಟ್ಟಿಲು ಹತ್ತಿ ಹೋದೆ. ನಮ್ಮ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದು ಸಂಸ್ಥೆ ಇದೆ ಎಂದು ಹೇಳಿದ್ದೆನಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಒಬ್ಬಳು ದುಂಡು ಕನ್ನಡಕದ ಹುಡುಗಿ, ಇಬ್ಬರೇ. ಜನ ಹಣ ಹಾಕುವ ಮಾರುಕಟ್ಟೆಗೆ ಸರ್ಕಾರದ ಮಂಡಳಿ ಮಾಡುವ ನಿಯಮಗಳನ್ನು ಓದುತ್ತಾರೆ, ಅವು ಬೀದಿಯಲ್ಲಿ ನಡೆಯುತ್ತಿವೆಯೇ ಎಂದು ಹೋಗಿ ನೋಡುತ್ತಾರೆ, ನಡೆಯದಿದ್ದರೆ ಮಂಡಳಿಯ ಬಾಗಿಲು ತಟ್ಟುತ್ತಾರೆ. ಕಂಪನಿಗಳಿಂದ ಬಿಡಿಗಾಸು ಮುಟ್ಟುವುದಿಲ್ಲ. ಹೊಸ ವರ್ಷಕ್ಕೆ ನಿಮ್ಮ ಕಂಪನಿಯವರು ಕಳಿಸಿದ ಗೋಡೆ ಕ್ಯಾಲೆಂಡರನ್ನೂ ಮೇಷ್ಟ್ರು ವಂದನೆ ತಿಳಿಸಿ ವಾಪಸು ಕಳಿಸಿದರು. ಅಂದಿನಿಂದ ದಿನಾ ಮೆಟ್ಟಿಲಿನಿಂದ ಬಗ್ಗಿ, "ಅಮ್ಮಾ, ಇವತ್ತು ತಾರೀಕು ಎಷ್ಟು?" ಎಂದು ನನ್ನನ್ನು ಕೇಳುವುದಾಗಿದೆ.

ಉಳಿತಾಯದ ಯೋಜನೆ ಮಾರುವವರು, ಗಿರಾಕಿ ಸಹಿ ಹಾಕುವ ಮುಂಚೆ ಅದರಲ್ಲಿ ತಮಗೆಷ್ಟು ಕಮಿಷನ್ ಎಂದು ಬಾಯಿಬಿಟ್ಟು ಹೇಳಬೇಕು. ಮಂಡಳಿ ತರಬೇಕೆಂದಿರುವ ನಿಯಮ ಇಷ್ಟೇ. ಯಾರಾದರೂ ಕೇಳಿದರೆ ಈಗಲೂ ಹೇಳುತ್ತೇವೆ, ಮತ್ತೆ ನಿಯಮ ಯಾಕೆ ಎಂದು ನಿಮ್ಮ ಕಂಪನಿ ಅನ್ನುತ್ತದೆ. ನಿಜವೋ ಸುಳ್ಳೋ ನೋಡಿಬಿಡೋಣ ಎಂದು ಮೇಷ್ಟ್ರು ಹಲವರನ್ನು ಗಿರಾಕಿಗಳ ವೇಷದಲ್ಲಿ ನಿಮ್ಮ ಶಾಖೆಗಳಿಗೆ ಕಳಿಸಿದರು. ನನ್ನ ವಯಸ್ಸಿನವರೂ ಬೇಕು ಎಂದಾಗ ನಾನು ಹೂಂ ಅಂದೆ. ಕನ್ನಡಕದ ಹುಡುಗಿ ಪಾಠ ಹೇಳಿಕೊಟ್ಟಳು. ಹೆಸರು ಬೇರೆ ಹೇಳಬೇಕು, ಗಂಡ ತೀರಿಕೊಂಡ ಮೇಲೆ ಒಂದಷ್ಟು ದುಡ್ಡು ಬಂದಿದೆ ಅನ್ನಬೇಕು. ಒಳಗೆ ಇಸ್ತ್ರಿ ಹಾಕುತ್ತಿದ್ದ ನಿನ್ನಪ್ಪ ಕೇಳಿಸಿಕೊಂಡು, "ನನ್ನ ಕೊಂದು ಎಷ್ಟು ಬಂತೇ?" ಅಂದರು.

ನನಗೆ ನಗು ಬಂತು, ಆದರೆ ಆ ಪಾಠ ಗಂಟಲಿಗಿಳಿಯಲಿಲ್ಲ. ಬೆಳಿಗ್ಗೆ ದೇವರ ಹೆಸರು ಹೇಳಿದ ಬಾಯಲ್ಲಿ ಮಧ್ಯಾಹ್ನ ಗಂಡನನ್ನು ಸಾಯಿಸಲಾರೆ ಎಂದೆ. ಹೋದ ಕಡೆಯೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ: "ನಾನು ಟೈಲರ್. ನಮ್ಮ ಮೇಲ್ಮಹಡಿಯ ಸಂಶೋಧನೆಯವರು ಕಳಿಸಿದ್ದಾರೆ. ನೀವು ಹೇಳಿದ್ದನ್ನ ಅವರು ಬರ್ಕೋತಾರೆ. ಇದನ್ನ ನನಗೆ ಮಾರಿದ್ರೆ ನಿಮಗೆಷ್ಟು ಸಿಗುತ್ತೆ?"

ಏನಾಯಿತು ಅಂತೀಯ? ಒಬ್ಬರೂ ನಂಬಲಿಲ್ಲ! "ಅಮ್ಮ ಒಳ್ಳೇ ತಮಾಷೆ ಮಾಡ್ತೀರ" ಎಂದು ಕುರ್ಚಿ ಎಳೆದು ಕೊಟ್ಟರು, ನೀರು ತಂದುಕೊಟ್ಟರು. ಒಂದು ಕಡೆಯಂತೂ ಕೊರಳಲ್ಲಿದ್ದ ಅಳತೆ ಟೇಪು ತೆಗೆಯುವುದನ್ನೇ ಮರೆತು ಹೋಗಿದ್ದೆ. "ನಮ್ಮ ಯೋಜನೆಗೆ ಅಳತೆ ತಗೊಳೋಕೆ ಬಂದ್ರಾ?" ಎಂದು ಆ ಹುಡುಗ ಬಿದ್ದು ಬಿದ್ದು ನಕ್ಕ. ಹೌದಪ್ಪ, ಅದಕ್ಕೇ ಬಂದೆ ಅಂದೆ. ಇನ್ನೂ ನಕ್ಕ. ಆದರೆ ಕಮಿಷನ್ ಎಷ್ಟೆಂದು ಮಾತ್ರ ಹೇಳಲಿಲ್ಲ. ಹೋದ ಕಡೆಯೆಲ್ಲ ಅದೇ ಕುರ್ಚಿ, ಅದೇ ನೀರು, ಕೊನೆಗೆ ಗಿಣಿಪಾಠದ ಹಾಗೆ ಅದೇ ಒಂದು ಮಾತು. ಒಬ್ಬಳು ಹುಡುಗಿ ಮಾತ್ರ ಬಾಗಿಲ ಕಡೆ ನೋಡಿಕೊಂಡು, "ಹೇಳಬಾರದು ಅಂತ ಕಲಿಸಿದ್ದಾರೆ ಅಮ್ಮ. ಯಾರಾದ್ರೂ ಕೇಳಿದ್ರೆ ಅನ್ನೋಕೆ ಅಂತ ಆ ಮಾತು ಕೊಟ್ಟಿದ್ದಾರೆ" ಅಂದಳು. ಆಮೇಲೆ ಅಂಕಿಯನ್ನೂ ಹೇಳಿದಳು. ಅವಳು ಯಾವ ಶಾಖೆಯವಳು ಎಂದು ನೀನು ಕೇಳಬೇಡ, ಮಂಡಳಿ ಕೇಳಿದರೂ ಹೇಳುವುದಿಲ್ಲ. ಸುಳ್ಳು ಹೇಳುವುದು ಬೇರೆ, ಸುಮ್ಮನಿರುವುದು ಬೇರೆ.

ಮೇಷ್ಟ್ರು ನನ್ನ ಕಥೆ ಕೇಳಿ ತಲೆ ಚಚ್ಚಿಕೊಂಡರು. "ಎಲ್ಲಾ ಹೇಳಿಬಿಟ್ರಾ? ಹಾಗಾದ್ರೆ ಇದು ಲೆಕ್ಕಕ್ಕಿಲ್ಲಮ್ಮ. ಪರೀಕ್ಷೆ ಅಂತ ಗೊತ್ತಾದವರು ಹುಷಾರಾಗಿಬಿಡ್ತಾರೆ" ಎಂದು ನನ್ನ ಭಾಗವನ್ನು ಪಕ್ಕಕ್ಕಿಟ್ಟು, ಉಳಿದವರು ತಂದದ್ದನ್ನೇ ಮಂಡಳಿಗೆ ಕಳಿಸಿದರು. ನನಗೇನೂ ಬೇಸರವಾಗಲಿಲ್ಲ. ಸರಿಯಾಗಿ ಕೂರದ ತೋಳನ್ನು ನಾನೂ ಬಿಚ್ಚುತ್ತೇನೆ.

ಆಮೇಲೆ ನಿಮ್ಮ ಕಂಪನಿಯ ಆಕ್ಷೇಪಣೆ ಬಂತು. ಈ ಜನ ಹೆಸರು ಸುಳ್ಳು ಹೇಳಿ, ಕಷ್ಟ ಸುಳ್ಳು ಹೇಳಿ ನಮ್ಮ ಹುಡುಗರನ್ನು ಮೋಸಗೊಳಿಸಿದ್ದಾರೆ, ಸುಳ್ಳಿನಿಂದ ಹುಟ್ಟಿದ ವರದಿಯನ್ನು ತಳ್ಳಿಹಾಕಿ ಎಂದು. ಮೇಷ್ಟ್ರು ಇಡೀ ದಿನ ಮಂಕಾಗಿ ಕೂತಿದ್ದರು. ಸಂಜೆ ಕನ್ನಡಕದ ಹುಡುಗಿ ಧಡಧಡ ಮೆಟ್ಟಿಲಿಳಿದು ಬಂದು ನನ್ನನ್ನು ತಬ್ಬಿಕೊಂಡಳು. "ಅಮ್ಮಾ, ನೀವೊಬ್ಬರೇ ಸುಳ್ಳು ಹೇಳಿಲ್ಲ!" ಹೊಲಿಗೆ ಯಂತ್ರದ ಸೂಜಿ ಮುರಿಯಿತು, ಆ ಮಾತು ಬೇರೆ. ಯಾರು ಕಳಿಸಿದ್ದು, ಯಾಕೆ ಬಂದದ್ದು ಎಲ್ಲ ಮುಖಕ್ಕೇ ಹೇಳಿ ಕೇಳಿದರೂ ಆ ಒಬ್ಬಳನ್ನು ಬಿಟ್ಟು ಯಾರೂ ಕಮಿಷನ್ ಹೇಳಲಿಲ್ಲ ಎಂದ ಮೇಲೆ ನಿಮ್ಮ ವಕೀಲರು ಏನನ್ನು ತಳ್ಳಿಹಾಕುತ್ತಾರೆ? ಪಕ್ಕಕ್ಕಿಟ್ಟ ಆ ತುಂಡೇ ಈಗ ವರದಿಗೆ ಬೆನ್ನಾಗಿದೆ. ನಾನು ಹೋಗಿ ನಿಲ್ಲದಿದ್ದರೆ ವರದಿ ಬೀಳುತ್ತದೆ, ವರದಿ ಬಿದ್ದರೆ ನಿಯಮವೂ ಬೀಳುತ್ತದೆ.

ನೀನು ಮಾರುವವರಿಗೆ ತರಬೇತಿ ಕೊಡುವ ವಿಭಾಗದವಳು. ಅಂದು ನಿನ್ನನ್ನೂ ಕಂಪನಿಯ ಸಾಲಿನಲ್ಲಿ ಕೂರಿಸುತ್ತಾರೆ ಎಂದು ಗೊತ್ತು. ಕೂರು. ರಜೆ ಹಾಕಿ ಮನೆಯಲ್ಲಿ ಅಡಗಬೇಡ. ನಿನಗೆ ಸರಿ ಅನ್ನಿಸಿದ್ದನ್ನು ಗಟ್ಟಿಯಾಗಿ ಹೇಳು, ನಾನೂ ಹೇಳುತ್ತೇನೆ. ಊಟದ ಹೊತ್ತಿಗೆ ಇಬ್ಬರೂ ಒಂದೇ ಡಬ್ಬಿ ಬಿಚ್ಚೋಣ. ನಿನ್ನಪ್ಪ ಅನ್ನುತ್ತಾರೆ, "ತಾಯಿ ಮಗಳು ಇಬ್ಬರಿಗೂ ಮಾತೇ ಬಂಡವಾಳ. ಒಬ್ಬಳಿಗೆ ಸಂಬಳ ಬರುತ್ತೆ, ಇನ್ನೊಬ್ಬಳದು ಬಿಟ್ಟಿ." ನಿನ್ನ ಕಪ್ಪು ಕೋಟಿನ ತೋಳು ಎರಡು ಬೆರಳು ಉದ್ದವಿದೆ. ಮಂಗಳವಾರವೇ ಬಂದುಬಿಡು, ಸರಿಮಾಡಿ ಕೊಡುತ್ತೇನೆ. ಎದುರು ಪಕ್ಷದವಳಾದರೇನು, ನನ್ನ ಮಗಳು ಜೋಲು ತೋಳಿನಲ್ಲಿ ನಾಲ್ಕು ಜನರ ಮುಂದೆ ಕೂರಬಾರದು.

ಆ ದೇವರು ನಮ್ಮಿಬ್ಬರ ನಾಲಿಗೆಯ ಮೇಲೂ ಇರಲಿ.

ನಿನ್ನ
ಅಮ್ಮ

ಮರೆತಿದ್ದೆ: ಗಿಣಿಪಾಠದ ಮಾತು ಅಂದೆನಲ್ಲ, ಅದು ಇದು. "ನೀರು ಕೊಡೋ ಬಾವಿಗೆ ಆಳ ಕೇಳ್ತಾರಾ ಅಮ್ಮ?" ಮೊದಲ ಶಾಖೆಯಲ್ಲಿ ಕೇಳಿದಾಗಲೇ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ದೇವರು ಎಲ್ಲಿದ್ದಾನೆ, ಎಷ್ಟು ದೊಡ್ಡವನು ಎಂದು ನೀನು ಪೀಡಿಸಿದಾಗ ನಿನ್ನ ಬಾಯಿ ಮುಚ್ಚಿಸಲು ನಾನು ಕಟ್ಟಿದ ಮಾತು ಅದು. ನಮ್ಮ ಮನೆಯ ಆಚೆ ಅದನ್ನು ಯಾರೂ ಆಡಿದ್ದಿಲ್ಲ. ಅವರು ಅಂದದ್ದನ್ನು ಬುಧವಾರ ಹೇಳಲೇಬೇಕು, ಹೇಳುತ್ತೇನೆ. ಅದು ಯಾರ ಮಾತು ಎಂದು ಕೇಳಿದರೆ ನನ್ನದು ಅನ್ನುತ್ತೇನೆ, ಅದು ನಿಜ ತಾನೇ? ಅವರ ಬಾಯಿಗೆ ಅದು ಹೇಗೆ ಬಂತು ಎನ್ನುವುದನ್ನು ನಿನಗೆ ಬಿಟ್ಟಿದ್ದೇನೆ. ಒಂದು ತಿಳಿದಿರಲಿ, ಅದನ್ನು ನಾನು ದೇವರಿಗಾಗಿ ಕಟ್ಟಿದ್ದು. ಉಳಿದೆಲ್ಲ ಬಾವಿಗಳಿಗೂ ಆಳ ಕೇಳಲೇಬೇಕು ಯಾಕಮ್ಮ, ಇಲ್ಲದಿದ್ದರೆ ಎಷ್ಟು ಹಗ್ಗ ತರುವುದು?